ಜೇನು ಕೇಕ್: ಕಾಫಿಯದೋ, ಚಹಾದ್ದೋ, ನೊರೆಮೊಟ್ಟೆಯದೋ?

ಯೆಹೂದಿಗಳ ಹೊಸ ವರ್ಷ ರೋಷ್ ಹಶಾನಾ ಸೆಪ್ಟೆಂಬರ್‌ನಲ್ಲೋ ಅಕ್ಟೋಬರ್ ಆರಂಭದಲ್ಲೋ ಬರುತ್ತದೆ. ಬರುವ ವರ್ಷ ಸಿಹಿಯಾಗಿರಲಿ ಎಂದು ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಮನೆಗಳಲ್ಲಿ ಅದರ ಜತೆಗೆ ಲೆಕಾಖ್ ಎಂಬ ಜೇನು ಕೇಕ್ ಕೂಡ ಇರಬೇಕು. ಕರಾವಳಿಯ ಅನೇಕರಂತೆ ನಾನೂ ಇಸ್ರೇಲಿನಲ್ಲಿ ಹಿರಿಯರ ಆರೈಕೆಯ ಕೆಲಸದಲ್ಲಿದ್ದೇನೆ. ನಾನಿರುವ ಮನೆಯ ಅಜ್ಜಿಯನ್ನು ಇಲ್ಲಿಯವರ ಹಾಗೆ ಸವ್ತಾ ಎಂದೇ ಕರೆಯುತ್ತೇನೆ. ಅವರಿಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಹೇಳುತ್ತಾರೆ, ನಾನು ಮಾಡುತ್ತೇನೆ. ಹೀಗೆ ಮೂರು ಬಗೆಯ ಲೆಕಾಖ್ ನನ್ನ ಕೈಯಲ್ಲಿ ಪಳಗಿವೆ.

ಮೂರರಲ್ಲೂ ಬೆಣ್ಣೆ, ಹಾಲು ಇಲ್ಲ. ಕೋಷೆರ್ ಎಂಬ ಯೆಹೂದಿ ಆಹಾರ ನಿಯಮದಂತೆ ಮಾಂಸದೂಟದೊಂದಿಗೆ ಹಾಲಿನ ಪದಾರ್ಥ ಸೇರಬಾರದು. ಹಬ್ಬದೂಟದಲ್ಲಿ ಮಾಂಸ ಇರುವುದರಿಂದ ಕೇಕಿಗೆ ಎಣ್ಣೆಯೇ ಗತಿ. ಈ ಮನೆಯಲ್ಲಿ ಹೊಸ ವರ್ಷದ ಕೇಕಿಗೆ ಅಕ್ರೋಟನ್ನೂ ಹಾಕುವುದಿಲ್ಲ. ಆ ಹಬ್ಬದಲ್ಲಿ ಅದನ್ನು ತಿನ್ನದಿರುವುದು ಅನೇಕ ಅಶ್ಕೆನಾಜಿಗಳ ರೂಢಿ.

ಮೊದಲು ಕಾಫಿಯ ಲೆಕಾಖ್. 3 ಮೊಟ್ಟೆ, 150 ಗ್ರಾಂ ಸಕ್ಕರೆ, 180 ಮಿ.ಲೀ. ಎಣ್ಣೆ, ಒಂದು ಕಪ್ ಅಂದರೆ ಸುಮಾರು 340 ಗ್ರಾಂ ಜೇನು, 240 ಮಿ.ಲೀ. ಗಟ್ಟಿ ಡಿಕಾಕ್ಷನ್, 350 ಗ್ರಾಂ ಮೈದಾ, 2 ಚಮಚ ಬೇಕಿಂಗ್ ಪೌಡರ್, 1 ಚಮಚ ಅಡುಗೆ ಸೋಡಾ, 2 ಚಮಚ ದಾಲ್ಚಿನ್ನಿ ಪುಡಿ, ಅರ್ಧ ಚಮಚ ಲವಂಗದ ಪುಡಿ. ಎಣ್ಣೆ ಅಳೆದ ಕಪ್ಪಿನಲ್ಲೇ ಜೇನನ್ನು ಅಳೆದರೆ ಒಂದು ಹನಿಯೂ ಅಂಟದೆ ಜಾರಿ ಬೀಳುತ್ತದೆ. ಇದು ಸವ್ತಾ ಹೇಳಿಕೊಟ್ಟದ್ದು. ಹಿಟ್ಟು ದೋಸೆ ಹಿಟ್ಟಿಗಿಂತಲೂ ತೆಳುವಾಗಿ ಕಂಡರೂ ಗಾಬರಿಪಟ್ಟು ಮೈದಾ ಸೇರಿಸಬೇಡಿ. ಎರಡು ಉದ್ದನೆಯ ಅಚ್ಚುಗಳಿಗೆ ಅರ್ಧದಿಂದ ಸ್ವಲ್ಪ ಮೇಲಕ್ಕೆ ಬರುವಷ್ಟು ಮಾತ್ರ ಸುರಿದು, 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 50ರಿಂದ 60 ನಿಮಿಷ ಬೇಯಿಸಬೇಕು. ಜೇನು ಸಕ್ಕರೆಗಿಂತ ಬೇಗ ಕಂದುತ್ತದೆ. ಶಾಖ 180ಕ್ಕೆ ಹೋದರೆ ಮೇಲೆಲ್ಲ ಕಪ್ಪಾಗಿ, ನಡು ಹಸಿಯಾಗಿಯೇ ಉಳಿಯುತ್ತದೆ.

ಒಲೆಯಿಂದ ಇಳಿಸಿದ ದಿನ ಈ ಕೇಕ್ ಏನೂ ಅಲ್ಲ. ಕಾಫಿಯ ಕಹಿ ಒಂದು ಕಡೆ, ಲವಂಗದ ಖಾರ ಇನ್ನೊಂದು ಕಡೆ, ಮೇಲ್ಪದರ ಗಡುಸು. ಬಟರ್ ಪೇಪರಿನಲ್ಲಿ ಸುತ್ತಿ ಎರಡು ದಿನ ಹೊರಗೇ ಇಟ್ಟು ಬಿಚ್ಚಿ ನೋಡಿ: ಗಡುಸಾಗಿದ್ದ ಮೇಲ್ಪದರ ಬೆರಳಿಗೆ ಅಂಟುವಷ್ಟು ಮೆತ್ತಗಾಗಿರುತ್ತದೆ, ಚಾಕು ಸದ್ದಿಲ್ಲದೆ ಇಳಿಯುತ್ತದೆ. ಜೇನು ತೇವವನ್ನು ಹಿಡಿದಿಡುವುದರಿಂದ ಕೇಕ್ ಒಣಗುವ ಬದಲು ಹದಕ್ಕೆ ಬರುತ್ತದೆ. ಕಹಿ ಆಗ ಕಹಿಯಾಗಿ ಉಳಿದಿರುವುದಿಲ್ಲ, ಸಿಹಿಗೆ ತೂಕ ಕೊಡುತ್ತದೆ.

ಚಹಾದ ಲೆಕಾಖ್‌ಗೆ ಅಳತೆಗಳೆಲ್ಲ ಅವೇ, ಡಿಕಾಕ್ಷನ್ ಬದಲು ಹಾಲಿಲ್ಲದ ಕಡು ಚಹಾ. ಬಣ್ಣ ತಿಳಿಯಾಗುತ್ತದೆ, ದಾಲ್ಚಿನ್ನಿ ಮುಂದೆ ಬರುತ್ತದೆ. ಸವ್ತಾಗೆ ಇದೇ ಇಷ್ಟ. ಅವರ ತಾಯಿಯ ಮನೆಯಲ್ಲಿ ಕಾಫಿ ಇರಲಿಲ್ಲವಂತೆ. ನನಗೆ ಇದು ಸ್ವಲ್ಪ ಸಪ್ಪೆ.

ನೊರೆಮೊಟ್ಟೆಯದು ಬೇರೆಯೇ ಜಾತಿ. 5 ಮೊಟ್ಟೆಗಳ ಬಿಳಿಯನ್ನು ಬೇರ್ಪಡಿಸಿ, ಪಾತ್ರೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯಾಗಿ ನೊರೆಯೆಬ್ಬಿಸಬೇಕು. ಜೇನು ಅರ್ಧ ಕಪ್ ಸಾಕು. ಅದಕ್ಕಿಂತ ಹೆಚ್ಚಾದರೆ ಅದರ ಭಾರಕ್ಕೇ ನೊರೆ ಕುಸಿಯುತ್ತದೆ. ಬೆಂದ ದಿನ ಇದರಷ್ಟು ಹಗುರವಾದದ್ದು, ಚೆಂದದ್ದು ಇನ್ನೊಂದಿಲ್ಲ. ಮರುದಿನಕ್ಕೆ ಒಣಗಲು ಶುರು. ಹಬ್ಬ ಎರಡು ದಿನ ನಡೆಯುತ್ತದೆ, ಕೇಕ್ ಹಬ್ಬಕ್ಕೆ ಮೊದಲೇ ತಯಾರಿರಬೇಕು. ಆ ಲೆಕ್ಕದಲ್ಲಿ ಇದು ಹಬ್ಬದ ಕೇಕ್ ಅಲ್ಲ, ಅಂದಂದಿನ ಸಂಜೆಯ ತಿಂಡಿ.

ಯಾವ ಜೇನು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಇಲ್ಲಿನ ಅಂಗಡಿಗಳಲ್ಲಿ ಕಿತ್ತಳೆ ಜಾತಿಯ ಹೂವಿನ ಜೇನು, ಕಾಡುಹೂವಿನದು, ನೀಲಗಿರಿ ಮರದ್ದು, ಬೆಣ್ಣೆಹಣ್ಣಿನ ಹೂವಿನದು ಎಲ್ಲವೂ ಸಿಗುತ್ತವೆ. ಕಿತ್ತಳೆ ಹೂವಿನ ಜೇನಿನ ನವಿರು ಪರಿಮಳ ಕಾಫಿಯ ಮುಂದೆ ಹೇಳಹೆಸರಿಲ್ಲದಂತೆ ಅಡಗಿಹೋಗುತ್ತದೆ. ಅಷ್ಟು ಬೆಲೆ ಕೊಟ್ಟು ಅದನ್ನು ಹಾಳುಮಾಡುವುದು ನನಗೆ ಸಹಿಸದ ಸಂಗತಿ. ಅದು ನೊರೆಮೊಟ್ಟೆಯ ಕೇಕಿಗೇ ಮೀಸಲು. ಕಾಫಿಗೆ ಬೆಣ್ಣೆಹಣ್ಣಿನ ಹೂವಿನ ಕಡುಗಪ್ಪು ಜೇನೇ ಸರಿ, ಕಾಕಂಬಿಯ ಛಾಯೆ ಇರುವ ಅದರ ರುಚಿ ಕಾಫಿಗೆ ಜಗ್ಗುವುದಿಲ್ಲ.

ಖರ್ಜೂರದ ಪಾಕ ಸಿಲಾನ್ ಹಾಕಿಯೂ ಮಾಡಿದ್ದೇನೆ. ಬೈಬಲ್ಲಿನ ‘ಹಾಲು ಜೇನು ಹರಿಯುವ ನಾಡು’ ಎಂಬಲ್ಲಿನ ಜೇನು ಇದೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆದರೆ 2007ರಲ್ಲಿ ತೆಲ್ ರೆಹೋವ್ ಉತ್ಖನನದಲ್ಲಿ ಸುಮಾರು 3,000 ವರ್ಷ ಹಳೆಯ ಮಣ್ಣಿನ ಜೇನುಗೂಡುಗಳ ಸಾಲೇ ಸಿಕ್ಕಿತು. ಜೇನು ಸಾಕಣೆಯೂ ಈ ನೆಲದಲ್ಲಿ ಅಷ್ಟು ಹಳೆಯದು. ಸಿಲಾನ್ ಕೇಕಿನ ಬಣ್ಣ, ಮೆದುತನ ಎರಡೂ ಚೆನ್ನ, ಹೂವಿನ ವಾಸನೆ ಮಾತ್ರ ಇಲ್ಲ. ಸವ್ತಾ ಒಂದು ತುಂಡು ತಿಂದು, ‘ಒಳ್ಳೆಯದಿದೆ, ಲೆಕಾಖ್ ಅಲ್ಲ’ ಎಂದರು. ನಾನೂ ಅದನ್ನೇ ಹೇಳುತ್ತೇನೆ.

ರಜೆಗೆ ಊರಿಗೆ ಬಂದಾಗ ಮನೆಯ ಸಣ್ಣ ಓವನ್ನಿನಲ್ಲಿ ತುಡುವೆ ಜೇನಿನಿಂದ ಕಾಫಿಯ ಲೆಕಾಖ್ ಮಾಡುತ್ತೇನೆ. ತುಡುವೆ ಜೇನಿನಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ಡಿಕಾಕ್ಷನ್ ಅನ್ನು 240ರಿಂದ 200 ಮಿ.ಲೀ.ಗೆ ಇಳಿಸಬೇಕು. ನಮ್ಮ ಫಿಲ್ಟರ್ ಡಿಕಾಕ್ಷನ್ನಿಗೆ ಚಿಕೋರಿ ಬೆರೆಸದ ಪುಡಿಯನ್ನೇ ಬಳಸಿ. ಚಿಕೋರಿಯ ಕಹಿ ಎರಡು ದಿನ ಇಟ್ಟರೂ ಮಾಗುವುದಿಲ್ಲ.