ಲೇತ್ ಮುಂದೆ ಗ್ಲೌಸ್: ಕಾರ್ಖಾನೆಯಲ್ಲಿ ಫೋಟೋ ಶೂಟ್ ಮಾಡಿಸುವವರಿಗೆ ಎಚ್ಚರಿಕೆ

ಪೀಣ್ಯದ ಒಂದು ಮಷೀನಿಂಗ್ ಕಾರ್ಖಾನೆ, ಹೆಸರು ಬೇಡ. ಹೊಸ ವೆಬ್‌ಸೈಟ್‌ಗೆ ಮತ್ತು ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ಹಾಕುವ ಸ್ಟಾಲ್‌ಗೆ ಅಂತ ಒಂದು ದಿನದ ಶೂಟ್ ಮಾಡಿಸಿದರು. ಫೋಟೋಗಳೇನೋ ನೋಡಲು ಚೆನ್ನಾಗಿದ್ದವು. ಎರಡೇ ವಾರದಲ್ಲಿ ಅಷ್ಟನ್ನೂ ಇಳಿಸಬೇಕಾಯಿತು. ದೊಡ್ಡ ಗಿರಾಕಿಯ ಕ್ವಾಲಿಟಿ ವಿಭಾಗದವರು ಮುಖಪುಟದ ಚಿತ್ರ ನೋಡಿ ಕೇಳಿದ್ದು ಎರಡೇ ಪ್ರಶ್ನೆ. ತಿರುಗುತ್ತಿರುವ ಚಕ್ (ಲೋಹದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಮುಂದೆ ಆಪರೇಟರ್ ಗ್ಲೌಸ್ ಹಾಕಿಕೊಂಡಿದ್ದಾರಲ್ಲ, ನಿಮ್ಮಲ್ಲಿ ಇದು ರೂಢಿಯೇ? ಹಿಂದಿನ ಬೆಂಚಿನ ಮೇಲಿರುವುದು ನಮ್ಮ ಡ್ರಾಯಿಂಗ್ (ಬಿಡಿಭಾಗದ ನಕ್ಷೆ) ತಾನೆ?

ಆ ಗ್ಲೌಸ್ ಆಪರೇಟರ್‌ದಲ್ಲ. ‘ಸೇಫ್ಟಿ ಲುಕ್’ ಬರಲಿ ಅಂತ ಶೂಟ್‌ನವರೇ ಕೊಟ್ಟು ಹಾಕಿಸಿದ್ದು. ಲೇತ್, ಡ್ರಿಲ್ಲಿಂಗ್ ಮಷೀನ್‌ಗಳಲ್ಲಿ ಸ್ಪಿಂಡಲ್ (ತಿರುಗುವ ಅಚ್ಚು) ಓಡುವಾಗ ಗ್ಲೌಸ್ ಹಾಕಲೇಬಾರದು. ಒಂದು ಎಳೆ ಸಿಕ್ಕಿಕೊಂಡರೂ ಸಾಕು, ಇಡೀ ಕೈಯನ್ನು ಒಳಗೆಳೆದುಕೊಳ್ಳುತ್ತದೆ. ಹೆಲ್ಪರ್ ಆಗಿ ಸೇರಿದ ಹುಡುಗನಿಗೂ ಗೊತ್ತಿರುವ ವಿಷಯ ಇದು. ಆದರೆ ಎಚ್‌ಆರ್ ಮೇಡಂ ಪಕ್ಕದಲ್ಲೇ ನಿಂತು ‘ಹಾಕ್ಕೊಳ್ಳಿ’ ಅಂದಾಗ ಎದುರು ಮಾತಾಡುವವರು ಯಾರು?

ಇದಕ್ಕಿಂತ ಅಪಾಯದ ಕೋರಿಕೆ ಇನ್ನೊಂದಿದೆ: ‘ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್) ಬಾಗಿಲು ತೆಗೆದು ಓಡಿಸಿ, ಒಳಗಡೆ ಕಾಣಲಿ.’ ಬಾಗಿಲು ತೆಗೆದರೆ ಮಷೀನ್ ಓಡದ ಹಾಗೆ ಇಂಟರ್‌ಲಾಕ್ ಇರುತ್ತದೆ, ಫೋಟೋಗಾಗಿ ಅದನ್ನು ಬೈಪಾಸ್ ಮಾಡಿಸುವವರಿದ್ದಾರೆ. ಚಲಿಸುವ ಅಪಾಯಕಾರಿ ಭಾಗಗಳಿಗೆ ತಡೆ ಇರಲೇಬೇಕು ಅನ್ನುತ್ತಿತ್ತು, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಂ. ತಡೆ ತೆಗೆದ ಫೋಟೋವನ್ನು ವೆಬ್‌ಸೈಟ್‌ಗೆ ಹಾಕಿದರೆ ನಿಮ್ಮ ವಿರುದ್ಧದ ಸಾಕ್ಷಿಯನ್ನು ನೀವೇ ಛಾಪಿಸಿದ ಹಾಗೆ. ಬಾಗಿಲು ಮುಚ್ಚಿಯೇ ಇರಲಿ. ಗಾಜನ್ನು ಒಳಗೂ ಹೊರಗೂ ಒರೆಸಿ, ಕೂಲಂಟ್ (ತಂಪಿಗೆ ಸುರಿಯುವ ದ್ರವ) ಇಲ್ಲದೆ ಡ್ರೈ ರನ್ (ಲೋಹ ಕತ್ತರಿಸದ ಖಾಲಿ ಓಟ) ಹಾಕಿಸಿ, ಲೆನ್ಸ್‌ಗೆ ಪೋಲರೈಸರ್ (ಗಾಜಿನ ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿ ಓರೆಯಿಂದ ತೆಗೆದರೆ ಸಾಕು. ತಿರುಗುವುದು ಕಾಣಬೇಕೆಂದರೆ ಫ್ಲ್ಯಾಶ್ ಒಂದನ್ನೇ ನಂಬಬೇಡಿ, ಅದು ಚಕ್ಕನ್ನು ನಿಂತ ಕಲ್ಲಿನಂತೆ ತೋರಿಸುತ್ತದೆ. ಟ್ರೈಪಾಡ್ ಮೇಲೆ 1/15ರಿಂದ 1/30 ಸೆಕೆಂಡ್ ಷಟರ್ ಇಟ್ಟು, ಆಪರೇಟರ್‌ಗೆ ಒಂದು ಕ್ಷಣ ಅಲುಗದೆ ನಿಲ್ಲಲು ಹೇಳಿ.

ಪೇಂಟ್ ಬೂತ್‌ಗೆ ಸ್ಟುಡಿಯೋ ಫ್ಲ್ಯಾಶ್ ಒಯ್ಯಲೇಬೇಡಿ. ಥಿನ್ನರ್ ಆವಿ ತುಂಬಿದ ಜಾಗದಲ್ಲಿ ಒಂದು ಕಿಡಿ ಸಾಕು, ಈ ಫ್ಲ್ಯಾಶ್‌ಗಳು ಫ್ಲೇಮ್‌ಪ್ರೂಫ್ ಅಲ್ಲ.

ಇನ್ನು ಡ್ರಾಯಿಂಗ್ ವಿಷಯ. ಫೋಟೋದಲ್ಲಿ ಅದು ಉಗುರಿನಷ್ಟೇ ಇತ್ತು. ಆದರೆ 24 ಮೆಗಾಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿದರೆ ಪಾರ್ಟ್ ನಂಬರ್ ಓದಬಹುದು. ಡ್ರಾಯಿಂಗ್ ಒಂದೇ ಅಲ್ಲ, ವೈಟ್‌ಬೋರ್ಡ್ ಮೇಲಿನ ರಿಜೆಕ್ಷನ್ ಲೆಕ್ಕ, ಬಿನ್‌ಗಳ ಮೇಲಿನ ಗಿರಾಕಿಯ ಸ್ಟಿಕ್ಕರ್, ಮಾನಿಟರ್‌ಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ, ಕೊರಳಲ್ಲಿ ತೂಗುವ ಐಡಿ ಕಾರ್ಡ್, ಎಲ್ಲವನ್ನೂ ಶೂಟ್‌ಗೆ ಮೊದಲೇ ತೆಗೆಸಬೇಕು. ಆಮೇಲೆ ಬ್ಲರ್ ಮಾಡಿದರೆ ಅಲ್ಲೇನೋ ಮುಚ್ಚಿಟ್ಟಿದ್ದಾರೆ ಅಂತ ಬೆರಳು ಮಾಡಿ ತೋರಿಸಿದ ಹಾಗಾಗುತ್ತದೆ.

ಆಫೀಸ್ ಭಾಗದ ಫೋಟೋಗಳು ಕೆಟ್ಟಿದ್ದಕ್ಕೆ ಕಾರಣ ಬೇರೆ: ಮುಖಗಳ ಮೇಲೆಲ್ಲ ಅಡ್ಡಪಟ್ಟೆ. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಸದ್ದು ಬಾರದಿರಲಿ ಅಂತ ಎಲೆಕ್ಟ್ರಾನಿಕ್ ಷಟರ್ ಹಾಕಿದ್ದರು, ಅದು ಚಿತ್ರವನ್ನು ಸಾಲು ಸಾಲಾಗಿ ದಾಖಲಿಸುವುದರಿಂದ ಆ ಮಿಣುಕು ಪಟ್ಟೆಯಾಗಿ ಬೀಳುತ್ತದೆ. (ಪಕ್ಕದ ಶೆಡ್‌ನಲ್ಲಿ ಪವರ್ ಪ್ರೆಸ್ ಬಡಿಯುತ್ತಿರುವಾಗ ಕ್ಯಾಮೆರಾ ಸದ್ದು ಯಾರಿಗೆ ಕೇಳುತ್ತದೋ!) ಮೆಕ್ಯಾನಿಕಲ್ ಷಟರ್, 1/50 ಅಥವಾ 1/100 ಸೆಕೆಂಡ್ ಇಟ್ಟರೆ ಬಹುಪಾಲು ಸರಿಹೋಗುತ್ತದೆ. ಅಗ್ಗದ ಎಲ್‌ಇಡಿ ಪ್ಯಾನೆಲ್‌ಗಳಲ್ಲಿ ಕೆಲವು ಬೇರೆಯೇ ಲಯದಲ್ಲಿ ಮಿಣುಕುತ್ತವೆ, ಅವಕ್ಕೆ ಮುಂಚೆಯೇ ಟೆಸ್ಟ್ ಶಾಟ್ ತೆಗೆದು ನೋಡದೆ ಬೇರೆ ದಾರಿಯಿಲ್ಲ. ಬಣ್ಣದ ಕಾಟವೂ ಇದೆ. ಮೇಲೆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಹೆಚ್ಚಿದಷ್ಟೂ ನೀಲಿ) ಟ್ಯೂಬ್‌ಲೈಟ್, ಪಕ್ಕದಲ್ಲಿ ಕಿಟಕಿಯ ಬಿಸಿಲು, ಎದುರಿಗೆ 5500ರ ಫ್ಲ್ಯಾಶ್. ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಆ ಸಾಲಿನ ದೀಪ ಆರಿಸಿ, ಎರಡು ಫ್ಲ್ಯಾಶ್‌ನಿಂದ ಬೆಳಕು ಕಟ್ಟಿ, ಮೊದಲ ಫ್ರೇಮ್‌ನಲ್ಲಿ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ಹಲಗೆ) ಹಿಡಿಸಿ. ಹಳೇ ಸೋಡಿಯಂ ದೀಪಗಳಿದ್ದರೆ ಆರಿಸಲೇಬೇಕು, ಆ ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಯಾವ ಎಡಿಟಿಂಗ್‌ನಲ್ಲೂ ತರಲಾಗದು.

ಇನ್ನು ಮುಖಗಳು. ‘ನಮ್ಮ ಕುಟುಂಬ’ ಎಂಬ ಸಾಲಿನ ಮೇಲೆ ನಗುತ್ತಿದ್ದವರಲ್ಲಿ ಮೂವರು ಗುತ್ತಿಗೆದಾರರ ಕಡೆಯವರು, ಹಾಜರಿ ಪುಸ್ತಕವೇ ಬೇರೆ. ಕ್ಯಾಂಟೀನಿನಲ್ಲಿ ಇದಕ್ಕೆ ಎಷ್ಟು ನಕ್ಕರೋ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿದ್ದರು ನಿಜ, ಆದರೆ ಅದು ಇಂಗ್ಲಿಷ್‌ನಲ್ಲಿತ್ತು. ಸಹಿ ಹಾಕಿದವರಲ್ಲಿ ಕೆಲವರು ಒಡಿಶಾದವರು, ಕೆಲವರು ಹಾವೇರಿ ಕಡೆಯವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಕನ್ನಡ, ಒಡಿಯಾ ಸೇರಿದ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶವಿರಬೇಕು, ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆಯನ್ನು ಹಿಂಪಡೆಯುವಂತಿರಬೇಕು. ಎಲ್ಲಿ ಬಳಸುತ್ತೀರಿ, ಎಷ್ಟು ಕಾಲ, ಕೆಲಸ ಬಿಟ್ಟ ಮೇಲೆ ತೆಗೆಯುತ್ತೀರಾ ಎಂಬ ಮೂರನ್ನು ಅವರವರ ಭಾಷೆಯಲ್ಲಿ ಬರೆದು, ಓದಿ ಹೇಳಿ. ‘ಬೇಡ’ ಅಂದವರನ್ನು ಅಲ್ಲಿಗೇ ಬಿಡಿ, ಸೂಪರ್‌ವೈಸರ್ ಕೈಲಿ ಒತ್ತಾಯ ಹಾಕಿಸಬೇಡಿ.

ಕೊಟೇಶನ್ ಅನ್ನು ಕೊನೆಯ ಸಾಲಿನವರೆಗೂ ಓದಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರ ತೆಗೆಸಿದವನೇ. ಆದರೆ ಒಪ್ಪಂದ ಇದ್ದರೆ ಅದರ ಮಾತೇ ನಡೆಯುವುದು. ಇವರು ಸಹಿ ಹಾಕಿದ ಕಾಗದದಲ್ಲಿ ಸಣ್ಣಕ್ಷರದಲ್ಲಿ ‘ವೆಬ್ ಬಳಕೆಗೆ ಮಾತ್ರ’ ಅಂತಿತ್ತು. ಸ್ಟಾಲ್‌ನ ಪ್ರಿಂಟ್‌ಗೆ ಮತ್ತೆ ದುಡ್ಡು ಕಟ್ಟಬೇಕಾಯಿತು. ಅಷ್ಟು ಮಾಡಿಯೂ ಪ್ರಿಂಟರ್‌ಗೆ ಹೋದದ್ದು ವಾಟ್ಸಾಪ್‌ನಲ್ಲಿ ಬಂದ 1600 ಪಿಕ್ಸೆಲ್‌ನ ಪ್ರತಿ. 8 ಅಡಿ ಅಗಲದ ಪ್ಯಾನೆಲ್‌ಗೆ ಅದನ್ನು ಎಳೆದರೆ ಇಂಚಿಗೆ ಸುಮಾರು 17 ಚುಕ್ಕಿ, ಮುಖವೆಲ್ಲ ಚೌಕಳಿ. 6000 ಪಿಕ್ಸೆಲ್‌ನ ಮೂಲ ಫೈಲ್ ಆಗಿದ್ದರೆ 62 ಚುಕ್ಕಿ ಸಿಗುತ್ತಿತ್ತು, ನಾಲ್ಕು ಹೆಜ್ಜೆ ದೂರದಿಂದ ನೋಡಲು ಅದು ಸಾಕು.

ಈ ಅಷ್ಟೂ ಎಡವಟ್ಟು ಹಿಂದಿನ ದಿನದ ಒಂದು ಗಂಟೆಯ ಓಡಾಟದಲ್ಲಿ ಸಿಕ್ಕಿಬೀಳುತ್ತಿತ್ತು. ಫೋಟೋಗ್ರಾಫರ್, ಶಾಪ್‌ಫ್ಲೋರ್ ಸೂಪರ್‌ವೈಸರ್, ಸೇಫ್ಟಿ ನೋಡಿಕೊಳ್ಳುವವರು ಮೂವರೂ ಶೂಟ್ ನಡೆಯುವ ಹೊತ್ತಿಗೇ ಹೋಗಿ ಜಾಗ ಗುರುತು ಮಾಡಿಕೊಳ್ಳಿ. ಒಂದು ದಿನಕ್ಕೆ ಎಂಟು ಹತ್ತು ಜಾಗ ಧಾರಾಳ, ಪ್ರತಿ ಸಲ ಲೈಟ್ ಕಟ್ಟಿ ಬಿಚ್ಚುವುದಕ್ಕೇ ಅರ್ಧ ಗಂಟೆ ಬೇಕು. ಶಿಫ್ಟ್ ಬದಲಾಗುವ ಹೊತ್ತು ಬಿಟ್ಟುಬಿಡಿ. ಆಯುಧಪೂಜೆಯ ದಿನ ಮಷೀನ್‌ಗಳು ಫಳಫಳ ಹೊಳೆಯುತ್ತವೆ, ಎಲ್ಲರೂ ಹೊಸ ಬಟ್ಟೆಯಲ್ಲಿರುತ್ತಾರೆ ಅಂತ ಆಸೆಪಡುವವರೂ ಇದ್ದಾರೆ. ಅವತ್ತು ಗುಂಪು ಫೋಟೋ ತೆಗೆಸಿಕೊಳ್ಳಿ, ಕೆಲಸದ ಫೋಟೋ ಬೇಡ. ಬಾಳೆಕಂದು ಕಟ್ಟಿದ ಮಷೀನ್ ಓಡುವುದಿಲ್ಲ.

ಶೂಟ್ ದಿನ ಕ್ಯಾಮೆರಾವನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ. ‘ಈ ಫೋಟೋ ಬೇಡ’ ಅನ್ನುವ ಅಧಿಕಾರ ಮಾರ್ಕೆಟಿಂಗ್‌ನವರಿಗಲ್ಲ, ಸೂಪರ್‌ವೈಸರ್‌ಗೆ ಇರಲಿ. ಪ್ರತಿ ಸೆಟಪ್‌ನ ಮೊದಲ ಫ್ರೇಮನ್ನು ಪೂರ್ತಿ ಹಿಗ್ಗಿಸಿ ನಾಲ್ಕೂ ಮೂಲೆ ನೋಡಿದ ಮೇಲೇ ಮುಂದಿನದು.

ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿ: ಕಂಪನಿ ಒಪ್ಪದ ಯಾವ ಫ್ರೇಮನ್ನೂ ಫೋಟೋಗ್ರಾಫರ್ ತನ್ನ ಪುಟದಲ್ಲಿ ಹಾಕಿಕೊಳ್ಳುವಂತಿಲ್ಲ, ಹೇಳಿದ 24 ಗಂಟೆಯೊಳಗೆ ತೆಗೆಯಬೇಕು. ಆ ಕಾರ್ಖಾನೆಯವರು ಗಿರಾಕಿ ಕೇಳಿದ ದಿನದ ಸಂಜೆಯೇ ವೆಬ್‌ಸೈಟ್‌ನಿಂದ ಚಿತ್ರವನ್ನು ಇಳಿಸಿದರು. ಗಿರಾಕಿಯ ಡ್ರಾಯಿಂಗ್ ಕಾಣುವ ಅದೇ ಫೋಟೋ ಶೂಟ್ ಮಾಡಿದವರ ಇನ್‌ಸ್ಟಾಗ್ರಾಂನಲ್ಲಿ ಇನ್ನೂ ಹನ್ನೊಂದು ದಿನ ಇತ್ತು.