ಕೋಥ್ರೂಡ್‌ನ ಸೈಬರ್ ಸೆಕ್ಯುರಿಟಿ ಕ್ಲಾಸ್: ಶನಿವಾರ ತಪ್ಪಿಸಬೇಡಿ, ಭಾನುವಾರ ನಿಮ್ಮಿಷ್ಟ

ಹಿಂಜವಡಿಯಲ್ಲಿ ಸಪೋರ್ಟ್ ಕೆಲಸ ಮಾಡಿಕೊಂಡು, ಸೆಕ್ಯುರಿಟಿ ಕಡೆ ಹೋದರೆ ಸಂಬಳ ಜಾಸ್ತಿ ಅಂತ ಕ್ಲಾಸ್ ಹುಡುಕುವ ನಮ್ಮ ಕಡೆಯ ಹುಡುಗರು ಪುಣೆಯಲ್ಲಿ ಬೇಕಾದಷ್ಟಿದ್ದಾರೆ. ನಾನು ಸೇರಿದ್ದು ಕೋಥ್ರೂಡ್‌ನ ಒಂದು ಸಣ್ಣ ವೀಕೆಂಡ್ ಕ್ಲಾಸಿಗೆ. ಬೈಯುವುದೂ ಇದೆ, ಹಾಗಾಗಿ ಹೆಸರು ಬೇಡ.

ಶನಿವಾರ ಬರೀ ಲ್ಯಾಬ್. ಓವರ್‌ದವೈರ್‌ನವರ ಬ್ಯಾಂಡಿಟ್ ಅಂತ ಪುಕ್ಕಟೆ ಆಟ ಇದೆಯಲ್ಲ, ಅದನ್ನು ಕೊಟ್ಟು ಸರ್ ಸುಮ್ನೆ ಕೂತುಬಿಡುತ್ತಾರೆ. ಒಂದು ಹಂತದಲ್ಲಿ ಪಾಸ್‌ವರ್ಡ್ ಸಿಕ್ಕರೆ ಮಾತ್ರ ಮುಂದಿನ ಹಂತ. ಶುರುವಿನಲ್ಲೇ ಒಂದು ಫೈಲ್ ಬರುತ್ತದೆ, ಅದರ ಹೆಸರು ಬರೀ ಒಂದು ಅಡ್ಡಗೆರೆ. ಫೈಲಿನಲ್ಲಿರುವುದನ್ನು ತೋರಿಸುವ ಕಮಾಂಡ್ ಕ್ಯಾಟ್; ಅದನ್ನು ಹೊಡೆದು ಅಡ್ಡಗೆರೆ ಹಾಕಿದರೆ ಏನೂ ಆಗುವುದಿಲ್ಲ, ಕರ್ಸರ್ ಮಿಣುಕುತ್ತಾ ನಿಲ್ಲುತ್ತದೆ. ಕೀಬೋರ್ಡಿನಿಂದ ಓದು ಅಂತ ಹೇಳಿದಿರಿ ಅಂದುಕೊಳ್ಳುತ್ತದೆ ಅದು. ಗೆರೆಗೆ ಮೊದಲು ಒಂದು ಚುಕ್ಕೆ, ಒಂದು ಓರೆಗೆರೆ ಸೇರಿಸಿದರೆ ಆಯ್ತು. ಹೇಳಿಕೊಡಲು ಅರ್ಧ ನಿಮಿಷ ಸಾಕು, ಆದರೆ ಸರ್ ಹೇಳಲಿಲ್ಲ. 'ಅದು ಯಾರಿಗೆ ಕಾಯ್ತಿದೆ?' ಅಂತ ಕೇಳಿ ಚಹಾಕ್ಕೆ ಎದ್ದುಹೋದರು. ಸಂಬಳಕ್ಕೆಂದೇ ಸೇರಿದ್ದ ವಿಜಯಪುರದವನೊಬ್ಬ ಊಟ ಬಿಟ್ಟು ಮ್ಯಾನ್ ಪೇಜ್, ಅಂದರೆ ಕಮಾಂಡಿನ ಕೈಪಿಡಿ, ಓದುತ್ತಾ ಕೂತ.

ಇನ್ನೊಂದು ದಿನ ಕಾಸ್ಮೋಸ್ ಬ್ಯಾಂಕ್ ಪ್ರಕರಣ. 2018ರ ಆಗಸ್ಟ್‌ನಲ್ಲಿ ಇದೇ ಊರಿನ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯ್ತು, ಅದರಲ್ಲಿ ಬಹಳಷ್ಟು ನಕಲಿ ಕಾರ್ಡ್ ಹಾಕಿ ದೇಶ ವಿದೇಶದ ಎಟಿಎಂಗಳಿಂದ ತೆಗೆದದ್ದು. ಸರ್ ಇಷ್ಟು ಹೇಳಿ, 'ಹಣ ಕೊಡು ಅಂತ ಎಟಿಎಂಗೆ ಹೇಳಿದ್ದು ಯಾರು?' ಅಂದರು. ಎಲ್ಲರೂ ಜಗಳಾಡಿದ ಮೇಲೆ ಬಿಡಿಸಿದರು: ಎಟಿಎಂನ ಕೇಳಿಕೆಯನ್ನು ಬ್ಯಾಂಕಿಗೆ ದಾಟಿಸುವ ವ್ಯವಸ್ಥೆಗೆ ಸ್ವಿಚ್ ಅಂತಾರೆ; ಕಳ್ಳರು ನಡುವೆ ತಮ್ಮದೇ ಸ್ವಿಚ್ ಕೂರಿಸಿದ್ದರು, 'ಸರಿ, ಕೊಡು' ಅಂದದ್ದು ಅದೇ. ಬ್ಯಾಂಕಿನ ಅಸಲಿ ಸಿಸ್ಟಮ್‌ಗೆ ಕೇಳಿಕೆಯೇ ಮುಟ್ಟಿರಲಿಲ್ಲ.

ಭಾನುವಾರ ಬೇರೆ ಸರ್, ಬರೀ ಸ್ಲೈಡು. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ 22, ಸುರಕ್ಷಿತ ವೆಬ್‌ಸೈಟಿನ ಎಚ್‌ಟಿಟಿಪಿಎಸ್ 443 ಅಂತ ಪೋರ್ಟ್ ನಂಬರ್, ಅಂದರೆ ಯಾವ ಸೇವೆಗೆ ಯಾವ ಬಾಗಿಲು ಅನ್ನುವ ಸಂಖ್ಯೆ, ಮಗ್ಗಿ ಹೇಳಿದ ಹಾಗೆ ಹೇಳಿಸುತ್ತಾರೆ. ಅದೇ ವಿಜಯಪುರದವನು, 'ಹಾಗಾದ್ರೆ ಎಸ್‌ಎಸ್‌ಎಚ್‌ನಲ್ಲೇ ಹೋಗೋ ಬ್ಯಾಂಡಿಟ್ ಯಾಕೆ 2220ರಲ್ಲಿದೆ ಸರ್?' ಅಂದ. ಒಳ್ಳೇ ಪ್ರಶ್ನೆ ಅಲ್ವಾ? ಪರೀಕ್ಷೆಗೆ ಬರಲ್ಲ ಅಂತ ಕೂರಿಸಿದರು. ಮುಂದಿನ ಭಾನುವಾರ ಅವನು ಬರಲೇ ಇಲ್ಲ, ಶನಿವಾರ ಮಾತ್ರ ಎಲ್ಲರಿಗಿಂತ ಮೊದಲು ಹಾಜರು.

ಎಸಿ ಚೆನ್ನಾಗಿದೆ, ವೈಫೈ ಸಾಧಾರಣ. ಪಾಠ ಹಿಂದಿ, ಮರಾಠಿ, ಇಂಗ್ಲಿಷ್ ಕಲಸುಮೇಲೋಗರ, ತೊಂದರೆ ಆಗಲ್ಲ. ಶನಿವಾರಕ್ಕಷ್ಟೇ ಫೀಸ್ ಕಟ್ಟುತ್ತೇನೆ ಅಂದರೆ ಆಫೀಸಿನವರು ಒಪ್ಪುವುದಿಲ್ಲ, ಕೇಳಿ ನೋಡಿದ್ದೇನೆ. ಆದರೂ ಸೇರಿ.