ಕೋನ್ ಫಿಲ್ಟರ್ ಹಾಕಿ 9 ತಿಂಗ್ಳು, ತೆಗೆದು 3 ವರ್ಷ ಆದ್ಮೇಲೆ

ನಂದು 2014ರ ಸ್ವಿಫ್ಟ್ ಡೀಸೆಲ್, 1248 ಸಿಸಿ, ಈಗ ಒಂದು ಲಕ್ಷದ ನಲ್ವತ್ತು ಸಾವಿರ ಓಡಿದೆ. ಮನೆ ಶಿರಸಿ, ಕೆಲಸದ ಮೇಲೆ ವಾರಕ್ಕೊಂದ್ಸಲ ದೇವಿಮನೆ ಘಟ್ಟ ಇಳ್ದು ಕುಮಟಾ, ಅಂಕೋಲಾ ಮೇಲೆ ಕಾರವಾರಕ್ಕೆ ಹೋಗಿ ಬರೋದು. ಎಂಜಿನ್‌ಗೆ ಹೋಗೋ ಗಾಳಿ ಸೋಸೋಕೆ ಕಂಪನಿ ಫಿಲ್ಟರ್ ಸಾಕಾ, ಹೊರಗಿನ ಇಂಟೇಕ್ (ಗಾಳಿ ಎಳಿಯೋ ಕಿಟ್) ಹಾಕ್ಸ್ಬೇಕಾ ಅಂತ ತುಂಬಾ ಜನ ಕೇಳ್ತಾರೆ, ಎರಡೂ ಬಳಸಿದ್ದೇನೆ, ಅದಕ್ಕೆ ಬರೀತಿದ್ದೇನೆ.

2021ರ ಡಿಸೆಂಬರಲ್ಲಿ ಫಿಲ್ಟರ್ ಡಬ್ಬಿ ಪೂರಾ ತೆಗ್ಸಿ, ಡಬ್ಬಿ ಇಲ್ಲದ ಕೋನ್ ಆಕಾರದ ಫಿಲ್ಟರ್ ಹಾಕಿಸ್ದೆ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆದು, ತೊಳ್ದು ಮತ್ತೆ ಬಳ್ಸೋದು. ಶಬ್ದ ಮಾತ್ರ ನಿಜವಾಗ್ಲೂ ಚೆಂದ, ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೋ ಶಿಳ್ಳೆ ಹೊಡೆಯೋದು ಒಳಗೇ ಕೇಳ್ತದೆ, ಮೊದಲ ತಿಂಗಳು ಗಾಡಿ ಹಗುರ ಆಯ್ತು ಅಂತ್ಲೇ ಅನ್ನಿಸ್ತಿತ್ತು. ಮೈಲೇಜ್ ಟ್ಯಾಂಕ್ ಫುಲ್ ಮಾಡಿ ಲೆಕ್ಕ ಹಾಕ್ದೆ, ಮೊದ್ಲೂ 20ರ ಆಸುಪಾಸು, ಆಮೇಲೂ ಅಷ್ಟೇ. ಘಟ್ಟ ಹತ್ತುವಾಗ ಲಾರಿ ಹಿಂದೆ ಎರಡನೇ ಗೇರಲ್ಲಿ ಸಿಕ್ಕಾಕ್ಕೊಂಡ್ರೆ ಮೊದಲಿಗಿಂತ ಮಂದ ಅನ್ನಿಸ್ತು. ಕಾರಣ ಸರಳ, ಕಂಪನಿ ಡಬ್ಬಿ ಮುಂದಿನ ಗ್ರಿಲ್ ಹತ್ರದಿಂದ ತಂಪು ಗಾಳಿ ಎಳಿತದೆ, ಈ ಕೋನು ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳಿತದೆ, ಬಿಸಿ ಗಾಳಿಲಿ ಆಮ್ಲಜನಕ ಕಮ್ಮಿ. ಮೇಲಿಂದ ಎಷ್ಟು ಡೀಸೆಲ್ ಬಿಡ್ಬೇಕು ಅನ್ನೋದು ಇಸಿಯು (ಎಂಜಿನ್ ಕಂಪ್ಯೂಟರ್) ಕೈಲಿದೆ, ಅದರ ಮ್ಯಾಪ್, ಅಂದ್ರೆ ಒಳಗಿನ ಲೆಕ್ಕದ ಪಟ್ಟಿ, ಬದಲಾಗದೆ ಗಾಳಿ ಹೆಚ್ಚು ಕೊಟ್ರೂ ಪವರ್ ಏನೂ ಬರೋದಿಲ್ಲ.

ಏಪ್ರಿಲಲ್ಲಿ ತೊಳ್ದು ಎಣ್ಣೆ ಹಚ್ಚಿದ್ದು ನಾನೇ, ಸ್ವಲ್ಪ ಜಾಸ್ತಿ ಆಗಿತ್ತು. ಎರಡೇ ವಾರಕ್ಕೆ ಪಿಕಪ್ ಸತ್ತೋಯ್ತು. ಎಣ್ಣೆ ಹಾರಿ, ಒಳಗೆ ಹೋಗೋ ಗಾಳಿ ಅಳಿಯೋ ಏರ್‌ಫ್ಲೋ ಸೆನ್ಸರಿಗೆ ಅಂಟಿದೆ, ಅದು ಗಾಳಿ ಕಮ್ಮಿ ಬರ್ತಿದೆ ಅಂತ ಹೇಳ್ತದೆ, ಇಸಿಯು ಡೀಸೆಲ್ ಕಟ್ ಮಾಡ್ತದೆ. ಗ್ಯಾರೇಜಲ್ಲಿ ಸೆನ್ಸರ್ ಕ್ಲೀನರ್ ಸ್ಪ್ರೇ ಹೊಡೆದ್ರು, ಸರಿಯಾಯ್ತು.

ಆದ್ರೆ ನನ್ನ ಮನಸ್ಸು ಬದಲಾಗಿದ್ದು ಸೆಪ್ಟೆಂಬರಲ್ಲಿ. ನಮ್ಮ ಮೇಸ್ತ್ರಿ ಟರ್ಬೋಗೆ ಹೋಗೋ ಹೋಸ್ ಬಿಚ್ಚಿ, ಹಳೆ ಬಿಳಿ ಪಂಚೆ ತುಂಡು ಬೆರಳಿಗೆ ಸುತ್ಕೊಂಡು ಒಳಗೆ ಒಂದು ಸುತ್ತು ತಿರುಗ್ಸಿ "ತಮಾ, ಇದನ್ನ ನೋಡು" ಅಂದ್ರು. ಬಟ್ಟೆ ತುಂಬ ಕೆಂಪು, ಚಿರೇಕಲ್ಲಿನ ಮಣ್ಣಿನ ಬಣ್ಣ. ಬ್ರೀದರ್ ಪೈಪಿಂದ (ಎಂಜಿನ್ ಒಳಗಿನ ಹಬೆ ಹೊರಬಿಡೋ ಪೈಪು) ಬರೋ ಎಣ್ಣೆ ಹಬೆಗೆ ಧೂಳು ಸೇರಿ ಪೇಸ್ಟ್ ಥರ ಆಗಿತ್ತು, ಬೆರಳಲ್ಲಿ ಉಜ್ಜಿದ್ರೆ ಮರಳಿನ ಹಾಗೆ ಚುರುಚುರು. ಅದು ಹೋಗೋ ದಾರಿ ಮೊದ್ಲು ಟರ್ಬೋ ರೆಕ್ಕೆ, ಆಮೇಲೆ ಪಿಸ್ಟನ್ ರಿಂಗು. ಘಟ್ಟದಲ್ಲಿ ರಸ್ತೆ ಅಗಲ ಮಾಡೋ ಕೆಲಸದ ಧೂಳು ಅಷ್ಟು ನಯ ಇರ್ತದೆ, ಒತ್ತೊತ್ತಾಗಿ ಮಡಿಚಿದ ಕಾಗದದ ಫಿಲ್ಟರೇ ಅದನ್ನ ಚೆನ್ನಾಗಿ ಹಿಡಿಯೋದು. ಅವತ್ತೇ ಹಳೆ ಡಬ್ಬಿ ಕೂರಿಸ್ಕೊಂಡೆ, ಪುಣ್ಯಕ್ಕೆ ಗುಜರಿಗೆ ಹಾಕಿರ್ಲಿಲ್ಲ.

ಇನ್ನು ಉದ್ದ ಪೈಪ್ ಕೊಟ್ಟು ಫಿಲ್ಟರನ್ನ ಬಂಪರ್ ಕೆಳಗೆ ಇಳ್ಸೋ ಕಿಟ್ ಇದ್ಯಲ್ಲ, ತಂಪು ಗಾಳಿ ನಿಜ, ಆದ್ರೆ ನಮ್ಮ ಕಡೆ ದಯವಿಟ್ಟು ಬೇಡ. ಮಳೆಗಾಲದಲ್ಲಿ ಗಂಗಾವಳಿ ನದಿ ಉಕ್ಕಿ ರಸ್ತೆ ಮೇಲೆ ಮೊಣಕಾಲು ನೀರಿದ್ದಾಗ ಒಂದ್ಸಲ ಎಂಜಿನ್ ನೀರು ಎಳ್ಕೊಂಡ್ರೆ ಮುಗೀತು, ನೀರು ಗಾಳಿ ಹಾಗೆ ಅದುಮೋದಿಲ್ಲ, ಪಿಸ್ಟನ್‌ಗೆ ಜೋಡಿಸಿರೋ ಕನೆಕ್ಟಿಂಗ್ ರಾಡೇ ಬಗ್ಗಿ ಹೋಗ್ತದೆ.

ಈಗ ಕಂಪನಿ ಕಾಗದದ ಫಿಲ್ಟರೇ. ಪ್ರತಿ 10 ಸಾವಿರಕ್ಕೆ ಕ್ಲಿಪ್ ಬಿಚ್ಚಿ ನೋಡ್ತೇನೆ, ಅಂಚಿನ ರಬ್ಬರ್ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸ್ತೇನೆ, ಕಪ್ಪಾಗಿದ್ರೆ ಊದಿ ಹಾಕೋದಿಲ್ಲ, ಹೊಸದೇ. ಈ ಸಲ ಮಳೆ ಹಿಡಿಯೋಕೆ ಮೊದ್ಲು ತೆಗೆದಾಗ ಡಬ್ಬಿ ತಳದಲ್ಲಿ ಅರ್ಧ ಮುಷ್ಟಿ ಕೆಂಪು ಮಣ್ಣು, ಎರಡು ಒಣ ಎಲೆ. ಫಿಲ್ಟರ್ ಆಚೆ ಹೋಸೊಳಗೆ ಅದೇ ಪಂಚೆ ತುಂಡು ತಿರುಗ್ಸಿದೆ, ಸ್ವಲ್ಪ ಎಣ್ಣೆ ಪಸೆ ಬಂತು, ಕೆಂಪು ಇಲ್ಲ.